ಎಂಟು, ಒಂಬತ್ತು, ಹತ್ತನೇ ತರಗತಿಯ ಪೋಷಕರಿಗೆ: ಆನ್‌ಲೈನ್ ಕ್ವಿಜ್ ಬಗ್ಗೆ

ಮುಂಬೈ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ತಿಂಗಳ ಎರಡನೇ ಶನಿವಾರ ನಮ್ಮ ಶಾಲೆಯ ಮಕ್ಕಳಿಗೆ ಒಂದು ಆನ್‌ಲೈನ್ ಕ್ವಿಜ್ ಇಟ್ಟುಕೊಂಡಿದ್ದೇವೆ. ವಿಷಯ ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ. ವಾಟ್ಸಾಪ್ ಗ್ರೂಪಿನಲ್ಲಿ ಇಷ್ಟು ಹಾಕಿದ್ದೇ ತಡ, ಫೋನುಗಳು ಶುರುವಾದವು. "ನಮ್ಮ ಹುಡುಗಗ ರಾಜಕೀಯ ಯಾಕ ಬೇಕ್ರಿ ಟೀಚರ್, ಗಣಿತ ಕಲಸ್ರಿ" ಎಂದರು ಒಬ್ಬರು. ಇನ್ನೊಬ್ಬರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಯಾವ ಪಕ್ಷದವರು ಮಾಡಿಸ್ತಿದ್ದಾರೆ?" ಎಂದು ಮೆಲ್ಲಗೆ ಕೇಳಿದರು. ಯಾರೂ ಮಾಡಿಸುತ್ತಿಲ್ಲ. ನಮ್ಮ ಸಮಾಜ ಶಾಸ್ತ್ರದ ಟೀಚರೂ ನಾನೂ ಕೂತು ಪ್ರಶ್ನೆ ಬರೆದಿದ್ದೇವೆ. ಬ್ಯಾನರಿಲ್ಲ, ಮುಖ್ಯ ಅತಿಥಿಗಳಿಲ್ಲ, ಯಾರ ದುಡ್ಡೂ ಇಲ್ಲ.

ರಾಜಕೀಯ ಯಾಕೆ ಅನ್ನುವುದಕ್ಕೆ ಉತ್ತರ ಮಕ್ಕಳ ಚೀಲದಲ್ಲೇ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರು ಕನ್ನಡದಲ್ಲಿ ಅಚ್ಚು ಹಾಕಿ ಕೊಡುವ ಪುಸ್ತಕಗಳಲ್ಲಿ ಇತಿಹಾಸದ ಜೊತೆಗೆ ರಾಜ್ಯಶಾಸ್ತ್ರವೂ ಇದೆ. ಬೋರ್ಡ್ ಪರೀಕ್ಷೆಗೂ ಅದು ಬರುತ್ತದೆ. ಹತ್ತನೇ ತರಗತಿಯ ಮಗು ಇನ್ನು ಮೂರು ವರ್ಷಕ್ಕೆ ವೋಟು ಹಾಕುತ್ತದೆ. ಮೊದಲಾದರೆ 21 ವರ್ಷ ಆಗಬೇಕಿತ್ತು. 1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಅದು 18 ಆಯಿತು. ಹದಿನೆಂಟು ತುಂಬಿದ ದಿನ ರಾತ್ರೋರಾತ್ರಿ ಯಾರಿಗೂ ಜ್ಞಾನ ಬರುವುದಿಲ್ಲ ಅಲ್ವಾ?

ಹೋದ ತಿಂಗಳು ಒಂದು ತರಗತಿಯಲ್ಲಿ ಸುಮ್ನೆ ಕೇಳಿ ನೋಡಿದೆವು. ಅಮೆರಿಕದ ಅಧ್ಯಕ್ಷರು ಯಾರು? ಎಲ್ಲರ ಕೈಯೂ ಮೇಲೆ. ನಮ್ಮ ವಾರ್ಡ್ ಯಾವುದು? ಒಂದೂ ಕೈ ಇಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎನ್ ವಾರ್ಡ್ ಟೀಚರ್, ಆಫೀಸಿನ ಬೋರ್ಡ್ ಮೇಲೆ ಬರೆದಿದೆ. ತಮ್ಮನ ಜನನದ ದಾಖಲೆ ತರೋಕೆ ಮಮ್ಮಿ ಜೊತೆ ಹೋಗಿದ್ದೆ" ಎಂದಳು. ಸರಿಯಾದ ಉತ್ತರ, ಆದರೆ ಅರ್ಧ. ಘಾಟ್‌ಕೋಪರ್ ಕಡೆಯವರಿಗೆಲ್ಲ ಎನ್ ಎನ್ನುವುದು ಪಾಲಿಕೆಯ ಆಡಳಿತದ ವಾರ್ಡ್. ನಗರಸೇವಕರನ್ನು, ಅಂದರೆ ಪಾಲಿಕೆ ಸದಸ್ಯರನ್ನು, ಆರಿಸುವ ವಾರ್ಡ್ ಬೇರೆ, ಅದಕ್ಕೆ ನಂಬರ್ ಇರುತ್ತದೆ. ಇಡೀ ಮುಂಬೈಗೆ ಅಂಥ ವಾರ್ಡುಗಳು 227. ನಲ್ಲಿಯಲ್ಲಿ ನೀರು ಬರದಿದ್ದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎನ್ನುವುದು ಇದರಲ್ಲೇ ಇದೆ. 2017ರಲ್ಲಿ ಗೆದ್ದವರ ಅವಧಿ 2022ರ ಮಾರ್ಚ್‌ಗೆ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಪಾಲಿಕೆಯನ್ನು ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಇದನ್ನು ಹೇಳಿದಾಗ ಆ ಹುಡುಗಿ, "ಹಾಗಾದ್ರೆ ಆವಾಗ ನಮ್ಮ ನಗರಸೇವಕರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಏನು ಬರೀಬೇಕಿತ್ತು?" ಎಂದಳು. ಯಾರೂ ಇಲ್ಲ ಎಂದೇ ಬರೆಯಬೇಕಿತ್ತು. ಇಂಥ ಪ್ರಶ್ನೆ ಬಂದರೆ ನನಗೆ ಕ್ವಿಜ್ ಗೆದ್ದಷ್ಟು ಖುಷಿ.

ಈಗ ಈ ಕ್ವಿಜ್ ಯಾಕೆ ಸ್ವಲ್ಪ ಬೇರೆ ಎಂದು ಹೇಳುತ್ತೇನೆ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಜ್ಞಾನದ ಗೈಡುಗಳನ್ನು ಮಕ್ಕಳು ಉರು ಹೊಡೆಯುತ್ತಾರೆ. ಪ್ರಚಲಿತ ವಿದ್ಯಮಾನವನ್ನು ಹಾಗೆ ಓದಿದರೆ ಮೋಸ ಹೋಗುತ್ತೇವೆ, ಯಾಕೆಂದರೆ ಉತ್ತರಗಳು ಹಳಸುತ್ತವೆ. ನಮ್ಮ ರಾಜ್ಯಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮಹಾರಾಷ್ಟ್ರದ ಮುಖ್ಯಮಂತ್ರಿ ಯಾರು ಎಂದು 2019ರ ನವೆಂಬರ್‌ನಲ್ಲಿ ಕೇಳಿದ್ದರೆ? 12ನೇ ತಾರೀಕು ರಾಷ್ಟ್ರಪತಿ ಆಳ್ವಿಕೆ ಬಂತು. 23ರ ಬೆಳಿಗ್ಗೆ, ಊರಿಗೆ ಊರೇ ಚಹಾ ಕುಡಿಯುವ ಹೊತ್ತಿಗೆ, ದೇವೇಂದ್ರ ಫಡ್ನವೀಸ್ ಪ್ರಮಾಣ ವಚನ ತೆಗೆದುಕೊಂಡಾಗಿತ್ತು. 26ಕ್ಕೆ ರಾಜೀನಾಮೆ. 28ಕ್ಕೆ ಶಿವಾಜಿ ಪಾರ್ಕಿನಲ್ಲಿ ಉದ್ಧವ್ ಠಾಕ್ರೆ ಮುಖ್ಯಮಂತ್ರಿಯಾದರು. ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಗೆ ಎಷ್ಟು ಉತ್ತರ ನೋಡಿ. ಆಮೇಲೆ 2022ರ ಜೂನ್ 30ಕ್ಕೆ ಏಕನಾಥ್ ಶಿಂದೆ, 2024ರ ಡಿಸೆಂಬರ್ 5ಕ್ಕೆ ಮತ್ತೆ ಫಡ್ನವೀಸ್. ಅಣ್ಣನ ಹಳೇ ಗೈಡನ್ನು ತಮ್ಮ ಓದಿದರೆ ಗತಿ ಏನು?

ಪಕ್ಷದ ಚಿಹ್ನೆಗೂ ಇದೇ ಮಾತು. ಬಿಲ್ಲು ಬಾಣ ಯಾರದ್ದು ಎಂದರೆ ಮಕ್ಕಳು ಶಿವಸೇನೆ ಎನ್ನುತ್ತಾರೆ. ಯಾವ ಶಿವಸೇನೆ? ಪಕ್ಷ ಒಡೆದ ಮೇಲೆ 2023ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಹೆಸರನ್ನೂ ಚಿಹ್ನೆಯನ್ನೂ ಶಿಂದೆ ಬಣಕ್ಕೆ ಕೊಟ್ಟಿತು. ಠಾಕ್ರೆ ಬಣ ಉರಿಯುವ ಪಂಜು ಹಿಡಿಯಿತು. ಊರಿನ ಹೆಸರುಗಳೂ ಹಾಗೆಯೇ. ಔರಂಗಾಬಾದ್ ಈಗ ಛತ್ರಪತಿ ಸಂಭಾಜಿನಗರ, ಉಸ್ಮಾನಾಬಾದ್ ಧಾರಾಶಿವ, ಅಹ್ಮದ್‌ನಗರ ಅಹಿಲ್ಯಾನಗರ. ನಮ್ಮ ಕಡೆಯದ್ದನ್ನೇ ತೆಗೆದುಕೊಳ್ಳಿ. 2014ರಲ್ಲೇ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, ರಜೆಗೆ ಊರಿಗೆ ಹೊರಟಾಗ ನಿಮ್ಮ ಬಾಯಲ್ಲಿ ಬರುವುದು ಇವತ್ತಿಗೂ ಗುಲ್ಬರ್ಗ. ಕರ್ನಾಟಕದ ಜಿಲ್ಲೆಗಳು 30 ಎಂದು ಕಲಿತವರು ನಾವು. 2021ರಲ್ಲಿ ವಿಜಯನಗರ ಸೇರಿ 31 ಆದವು.

ಹೀಗಾಗಿ ಪ್ರತಿ ಪ್ರಶ್ನೆಯ ಕೆಳಗೆ ಇನ್ನೊಂದು ಖಾನೆ ಇಟ್ಟಿದ್ದೇವೆ: "ಇದು ನಿನಗೆ ಹೇಗೆ ಗೊತ್ತು? ಯಾವಾಗಿನ ಸುದ್ದಿ?" ಉತ್ತರಕ್ಕೆ ಒಂದು ಅಂಕ, ಈ ಖಾನೆಗೆ ಒಂದು ಅಂಕ. ಪೇಪರ್ ಓದಿ ಬರೆದರೆ ಪೇಪರಿನ ಹೆಸರು, ತಾರೀಕು. ಟೀವಿಯಾದರೆ ಯಾವ ವಾಹಿನಿ, ಯಾವತ್ತು. ಗೂಗಲ್ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಲಿ. ಆದರೆ ಮೊದಲು ಬಂದ ಪುಟ ನಾಲ್ಕು ವರ್ಷ ಹಳೆಯದಿರಬಹುದು. ತಾರೀಕು ನೋಡಿದ ಮಗು ಗೆಲ್ಲುತ್ತದೆ, ನೋಡದ ಮಗು ಸಿಕ್ಕಿಬೀಳುತ್ತದೆ. ಎಐ ಆ್ಯಪ್‌ಗಳನ್ನು ಕೇಳಿದರೂ ಅಷ್ಟೇ. ಅವು ಹಳೇ ಉತ್ತರವನ್ನೂ ಬಹಳ ಧೈರ್ಯವಾಗಿ ಹೇಳುತ್ತವೆ. "ವಾಟ್ಸಾಪ್‌ನಲ್ಲಿ ಬಂದಿತ್ತು" ಎಂದು ಬರೆದರೆ ಅಂಕ ಇಲ್ಲ. ಇದರ ಬಗ್ಗೆ ನನ್ನ ಜೊತೆ ವಾದ ಬೇಡ, ಗ್ರೂಪಿನಲ್ಲಿ ನೀವು ಏನೇನು ಫಾರ್ವರ್ಡ್ ಮಾಡುತ್ತೀರಿ ಎಂದು ನಾನೂ ನೋಡುತ್ತೇನೆ.

ಪ್ರಯೋಗಕ್ಕೆಂದು ಒಂದು ಸಣ್ಣ ಸುತ್ತು ನಡೆಸಿದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಆ ಖಾನೆಯಲ್ಲಿ, "ಪಪ್ಪನ ಹೋಟೆಲ್‌ನಲ್ಲಿ ಗಿರಾಕಿಗಳು ಮಾತಾಡ್ತಿದ್ರು, ಆಮೇಲೆ ಗಲ್ಲಾ ಮೇಲಿದ್ದ ಮರಾಠಿ ಪೇಪರ್‌ನಲ್ಲಿ ನೋಡಿದೆ" ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆವು. ಕೇಳಿದ್ದನ್ನು ಹೋಗಿ ನೋಡಿದ್ದಾನೆ, ಇದಕ್ಕಿಂತ ಇನ್ನೇನು ಬೇಕು? ಮರಾಠಿ ಪೇಪರ್ ಓದಿದ್ದು ಮೇಲಿನ ಲಾಭ.

ಬೆಳಗಾವಿ ಗಡಿ ವಿವಾದದ ಬಗ್ಗೆ ಒಂದು ಪ್ರಶ್ನೆ ಇದೆ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಜೋರು ಚರ್ಚೆಯಾಯಿತು. ಮುಂಬೈಯಲ್ಲಿ ಕನ್ನಡ ಶಾಲೆ ನಡೆಸುತ್ತಾ ಈ ಉಸಾಬರಿ ಯಾಕೆ ಎಂಬುದು ಹಿರಿಯ ಸಹೋದ್ಯೋಗಿಯೊಬ್ಬರ ಅಳುಕು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಎರಡೂ ಕಡೆ ಬಸ್ಸಿಗೆ ಮಸಿ ಬಳಿದ ದಿನಗಳನ್ನು ನಾವೆಲ್ಲ ನೋಡಿದ್ದೇವೆ, ಊರಿಗೆ ಹೋಗಲಾರದೆ ಟಿಕೆಟ್ ರದ್ದು ಮಾಡಿದವರು ನಿಮ್ಮಲ್ಲೇ ಇದ್ದೀರಿ. ಆದರೂ ಪ್ರಶ್ನೆ ಉಳಿಸಿದ್ದೇನೆ. ನಮ್ಮ ಮಕ್ಕಳು ಇದನ್ನು ರಸ್ತೆಯಲ್ಲಿ, ಲೋಕಲ್‌ನಲ್ಲಿ ಹೇಗೂ ಕೇಳುತ್ತಾರೆ, ಅದೂ ಬೈಗುಳದ ಜೊತೆ. ಶಾಲೆಯಲ್ಲಿ ತಾರೀಕಿನ ಜೊತೆ ಕೇಳಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರದ ಒತ್ತಾಯದ ಮೇಲೆ 1966ರಲ್ಲಿ ಮಹಾಜನ್ ಆಯೋಗ ನೇಮಕವಾಯಿತು. 1967ರಲ್ಲಿ ಅದು ಕೊಟ್ಟ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, ಕರ್ನಾಟಕ ಅದನ್ನೇ ಅಂತಿಮ ಎಂದಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಶ್ನೆ ಇಷ್ಟರ ಒಳಗೇ ಇರುತ್ತದೆ. ಯಾರದ್ದು ಸರಿ ಎಂದು ನಾವು ಕೇಳುವುದಿಲ್ಲ, ಮಕ್ಕಳೂ ಬರೆಯಬೇಕಾಗಿಲ್ಲ.

ಯಾವ ಪ್ರಶ್ನೆಯಲ್ಲೂ "ಒಳ್ಳೆಯ ನಾಯಕ ಯಾರು", "ಯಾವ ಪಕ್ಷ ಇಷ್ಟ" ಎಂಬುದಿಲ್ಲ. ನಿಮ್ಮ ಮನೆಯ ವೋಟು ನಿಮ್ಮದು. ಟೀಚರುಗಳಿಗೂ ಹೇಳಿದ್ದೇನೆ, ತರಗತಿಯಲ್ಲಿ ತಮ್ಮ ಪಕ್ಷವನ್ನು ಬಾಯಿ ಬಿಡಬಾರದು ಎಂದು.

ಒಂದು ಪ್ರಶ್ನೆಯನ್ನು ಮಾತ್ರ ಮನೆಯ ಹಿರಿಯರಿಗಾಗಿ ಇಟ್ಟಿದ್ದೇವೆ, ಅದನ್ನು ಈಗಲೇ ಬಿಟ್ಟುಕೊಡುತ್ತೇನೆ. ಮಂಗಳೂರಿನಲ್ಲಿ ಹುಟ್ಟಿ, ಮುಂಬೈಗೆ ಬಂದು ಕಾರ್ಮಿಕರನ್ನೂ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿ, 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ದಕ್ಷಿಣ ಮುಂಬೈಯಲ್ಲಿ ಸೋಲಿಸಿದವರು ಯಾರು? ಉತ್ತರ ಜಾರ್ಜ್ ಫರ್ನಾಂಡಿಸ್ ಎಂದು ನಿಮಗೆ ಗೊತ್ತು. ಮಕ್ಕಳು ಬರೆಯಬೇಕಾದ್ದು ಅದನ್ನಲ್ಲ. ಆ ಕಾಲದ ಬಗ್ಗೆ ಅಜ್ಜ ಅಜ್ಜಿ ಅಥವಾ ಪಕ್ಕದ ಖೋಲಿಯ ಹಿರಿಯರು ಹೇಳಿದ ಎರಡು ಸಾಲು ಬರೆಯಬೇಕು. ಫರ್ನಾಂಡಿಸ್ ಅವರೇ ಮುಂದೆ ನಿಂತು ನಡೆಸಿದ 1974ರ ರೈಲ್ವೆ ಮುಷ್ಕರವನ್ನು ಕಂಡವರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಇನ್ನು ಫೋನಿನ ವಿಷಯ. ಎಷ್ಟೋ ಮನೆಗಳಲ್ಲಿ ಒಂದೇ ಫೋನ್, ಅದು ಅಪ್ಪನ ಜೊತೆ ಹೋಟೆಲಿಗೋ ಸೈಟಿಗೋ ಹೋಗಿರುತ್ತದೆ, ಬರುವಾಗ ರಾತ್ರಿ ಹನ್ನೊಂದು. ಹಾಗಾಗಿ ಇಂಥ ಹೊತ್ತಿಗೇ ಕೂರಬೇಕು ಎಂದಿಲ್ಲ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆ ಶಾಲೆ ಶುರುವಾಗುವವರೆಗೆ ಲಿಂಕ್ ತೆರೆದಿರುತ್ತದೆ. ಒಟ್ಟು 25 ಪ್ರಶ್ನೆ. ಗಡಿಯಾರ ಓಡುವುದಿಲ್ಲ, ತಪ್ಪಿಗೆ ಅಂಕ ಕಡಿತ ಇಲ್ಲ. ಫೋನೇ ಸಿಗದವರು ಶನಿವಾರ ಒಂದು ಗಂಟೆಯಿಂದ ನಾಲ್ಕರವರೆಗೆ ಶಾಲೆಯ ಕಂಪ್ಯೂಟರ್ ರೂಮಿಗೆ ಬರಲಿ, ನಾನು ಅಲ್ಲೇ ಇರುತ್ತೇನೆ. ಇದಕ್ಕಾಗಿ ಹೊಸ ಫೋನ್ ಕೊಡಿಸಿ ಎಂದು ಮಕ್ಕಳು ಹಟ ಹಿಡಿದರೆ ಈ ಪತ್ರ ತೋರಿಸಿ.

ಕ್ವಿಜ್ ಫಾರಂನಲ್ಲಿ ತರಗತಿ ಮತ್ತು ರೋಲ್ ನಂಬರ್ ಮಾತ್ರ ತುಂಬಬೇಕು. ಹೆಸರು, ಮೊಬೈಲ್ ನಂಬರ್, ಆಧಾರ್, ಫೋಟೊ ಯಾವುದನ್ನೂ ನಾವು ಕೇಳುವುದಿಲ್ಲ. ಕೇಳಿದರೆ ಅದು ನಮ್ಮ ಲಿಂಕ್ ಅಲ್ಲ ಎಂದು ತಿಳಿಯಿರಿ. ಕ್ವಿಜ್ ಎಂದು ಸುದ್ದಿಯಾದ ಮೇಲೆ ಒಂದಿಬ್ಬರು ಮಕ್ಕಳು "ಆಡಿ, ಐದು ಸಾವಿರ ಗೆಲ್ಲಿ" ಎನ್ನುವ ಲಿಂಕುಗಳನ್ನು ಅಭ್ಯಾಸಕ್ಕೆಂದು ತಂದು ತೋರಿಸಿದರು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲೇ ಸಂಸತ್ತು ಪಾಸು ಮಾಡಿದೆ, ಆದರೂ ಹೆಸರು ಬದಲಿಸಿಕೊಂಡು ಇಂಥವು ಬರುತ್ತಲೇ ಇವೆ. ಒಟಿಪಿ ಕೇಳಿದರಂತೂ ಅಲ್ಲಿಗೇ ನಿಲ್ಲಿಸಿ. ಬಹುಮಾನ ನಮ್ಮಲ್ಲೂ ಇದೆ, ದುಡ್ಡಲ್ಲ, ಪುಸ್ತಕ. ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯಲ್ಲಿ ನಾ. ಸೋಮೇಶ್ವರ ಅವರು ಸರಿ ಉತ್ತರಕ್ಕೆ ಪುಸ್ತಕ ಕೊಡುವುದನ್ನು 2002ರಿಂದ ನೋಡುತ್ತಾ ಬಂದಿದ್ದೇವೆ. ಆ ಪದ್ಧತಿ ನನಗೆ ಬಹಳ ಹಿಡಿಸಿದೆ, ಹಾಗೇ ತಂದಿದ್ದೇನೆ.

ನಿಮ್ಮಿಂದ ಆಗಬೇಕಾದ್ದು ಜಾಸ್ತಿ ಏನಿಲ್ಲ. ಈ ಕೆಲವು ವಾರ ಊಟದ ಹೊತ್ತಿಗೆ ಸೀರಿಯಲ್ ಬದಲು ಅರ್ಧ ಗಂಟೆ ಸುದ್ದಿ ಹಾಕಿ. ಕನ್ನಡದ್ದಾದರೂ ಸರಿ, ಮರಾಠಿಯಾದರೂ ಸರಿ. ನಾಲ್ಕು ಜನ ಕೂತು ಒಟ್ಟಿಗೆ ಕಿರುಚುವ ಕಾರ್ಯಕ್ರಮ ಬೇಡ, ಅದರಲ್ಲಿ ಸುದ್ದಿಯೇ ಇರುವುದಿಲ್ಲ. ಮಗು ಏನಾದರೂ ಕೇಳಿದರೆ "ನಿಂಗ್ಯಾಕೆ ಅದೆಲ್ಲ" ಎನ್ನಬೇಡಿ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಕ್ವಿಜ್ ದಿನ ಮಾತ್ರ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ. ಹೋದ ವರ್ಷದ ಪ್ರಾಜೆಕ್ಟುಗಳಲ್ಲಿ ಯಾವ ಯಾವ ಅಕ್ಷರ ಅಮ್ಮಂದಿರದ್ದು ಎಂದು ನಮಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ, 25ರಲ್ಲಿ ಐದು ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದೇವೆ. ಅವು ನಿಮ್ಮವು. ನಿಮ್ಮ ಚಾಳು, ನಿಮ್ಮ ವಾರ್ಡು, ನಿಮ್ಮ ಕೆಲಸದ ಜಾಗ ಅಥವಾ ಊರಿಗೆ ಸಂಬಂಧಪಟ್ಟ, ಈ ಒಂದು ವರ್ಷದಲ್ಲಿ ನಡೆದ ಯಾವುದಾದರೂ ಸಂಗತಿಯ ಮೇಲೆ ಒಂದು ಪ್ರಶ್ನೆ ಬರೆದು ಕಳಿಸಿ. ಉತ್ತರವೂ ಇರಲಿ. ನಿಮಗೆ ಅದು ಎಲ್ಲಿಂದ ಗೊತ್ತಾಯಿತು, ಯಾವತ್ತಿನ ಸುದ್ದಿ ಎಂಬುದೂ ಇರಲಿ, ನಿಯಮ ಎಲ್ಲರಿಗೂ ಒಂದೇ. ಬರೆಯಲು ಕಷ್ಟವಾದರೆ ಫೋನಿನಲ್ಲಿ ಹೇಳಿ, ಆಫೀಸಿನಲ್ಲಿ ಬರೆದುಕೊಳ್ಳುತ್ತಾರೆ. ಮಗುವಿಗೆ ಮಾತ್ರ ಮೊದಲೇ ಹೇಳಿಬಿಡಬೇಡಿ. ಕೆಳಗಿನ ಚೀಟಿಯನ್ನು ತುಂಬಿ, ಹರಿದು, ಶುಕ್ರವಾರದೊಳಗೆ ತರಗತಿ ಟೀಚರ್ ಕೈಗೆ ತಲುಪಿಸಿ.

ಇಂತಿ,
ಮುಖ್ಯೋಪಾಧ್ಯಾಯಿನಿ