ಗುಂಡಿ ಬಿದ್ದಿಲ್ಲ ಕಣೋ, ಬಿಚ್ಚಿಕೊಂಡಿದೆ

ಲೋ ಮಾದು,

ಅಂಗಿ, ಟೀ ಶರ್ಟ್, ಪಾಪು ಆಟದ ಕಾರು ಎಲ್ಲಾ ಬೇಗ ಕೆಡುತ್ತೆ, ಗುಣಮಟ್ಟ ಎಲ್ಲಿ ಹೋಯ್ತು ಅಂತ ಈ ಟೈಲರ್‌ನ ಕೇಳಿದ್ದೀಯ. ನೀನು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡ್ದೆ. ಪಾಪು ಅಂಗಿದು ಎರಡೇ ವಾರಕ್ಕೆ ಗುಂಡಿ ಬಿದ್ದೋಯ್ತು ಅಂತ ಅಂಗಡಿಯವನಿಗೆ ಶಾಪ ಹಾಕಿದ್ದೀಯ. ಬಿದ್ದಿಲ್ಲ ಕಣೋ, ಬಿಚ್ಚಿಕೊಂಡಿದೆ. ರೆಡಿಮೇಡ್ ಅಂಗಿಗೆ ಗುಂಡಿ ಹಾಕೋ ಮಿಷನ್ನುಗಳಲ್ಲಿ ಬಹಳಷ್ಟು ಒಂದೇ ದಾರದ ಸರಪಳಿ ಹೊಲಿಗೆ ಹಾಕ್ತವೆ. ಅಡಿಯಲ್ಲಿ ಎರಡನೇ ದಾರದ ಉರುಳೆ, ಅಂದ್ರೆ ಬಾಬಿನ್, ಇಲ್ಲ, ಗಂಟೂ ಇಲ್ಲ. ಹಿಂಬದಿಯ ದಾರದ ತುದಿ ಉಗುರಿಗೆ ಸಿಕ್ಕಿ ಎಳೀತು ಅಂದ್ರೆ ಅಕ್ಕಿ ಮೂಟೆ ಬಾಯಿ ಬಿಚ್ಚಿದ ಹಾಗೆ ಸರ್ರನೆ ಬಂದುಬಿಡುತ್ತೆ. ಮೂಟೆಗೂ ಅದೇ ಹೊಲಿಗೆ. ಮೂಟೆಗೆ ಅದು ಸರಿ, ಅಂಗಿಗೆ ಅಲ್ಲ.

ಹೊಸ ಅಂಗಿ ತಂದ ದಿನವೇ ಗುಂಡಿಗಳನ್ನ ಒಂದು ಸಲ ಕೈಯಲ್ಲಿ ಹಾಕಿಬಿಡು. ಎರಡೆಳೆ ದಾರ, ಗುಂಡಿ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಕೊ, ಕಡ್ಡಿ ಮೇಲಿಂದ ಒಂದೊಂದು ಜೋಡಿ ತೂತಿಗೆ ಮೂರು ಸಲ ಹಾಯಿಸು. ಆಮೇಲೆ ಕಡ್ಡಿ ಎಳೆದು, ಗುಂಡಿ ಮೇಲೆತ್ತಿ, ಅದರ ಬುಡಕ್ಕೆ ನಾಲ್ಕು ಸುತ್ತು ದಾರ ಸುತ್ತಿ ಹಿಂದೆ ಗಂಟು ಹಾಕು. ಆ ಸುತ್ತು ಯಾಕೆ ಗೊತ್ತಾ? ಗುಂಡಿ ತೂರಿಸೋ ಕಾಜದ ಪಟ್ಟಿ ದಪ್ಪಗಿರುತ್ತೆ, ಅದು ಕೂರೋಕೆ ಜಾಗ ಬೇಕು. ಗುಂಡಿ ಬಟ್ಟೆಗೆ ಅಂಟಿಕೊಂಡಿದ್ರೆ ದಾರ ಉಳಿದು ಬಟ್ಟೆ ಹರಿಯುತ್ತೆ.

ಟೀ ಶರ್ಟ್ ವಿಷಯ. ಪಕ್ಕದ ಹೊಲಿಗೆ ಹೊಟ್ಟೆ ಮೇಲಕ್ಕೆ ತಿರುಗಿರೋದು ನಿನ್ನ ಹೊಟ್ಟೆಯಿಂದಲ್ಲ, ಸಮಾಧಾನ ಮಾಡ್ಕೊ. ನೂಲಿನಲ್ಲಿರೋ ತಿರುವು ಹೆಣಿಗೆ ಬಟ್ಟೇಲಿ ಹಂಗೇ ಅಡಗಿ ಕೂತಿರುತ್ತೆ. ಬಟ್ಟೆಯನ್ನ ಸರಿಯಾಗಿ ಫಿನಿಶ್ ಮಾಡಿ, ಹರವಿ, ಒಂದು ದಿನ ಸುಮ್ಮನೆ ಬಿಟ್ಟು ಆಮೇಲೆ ಕತ್ತರಿ ಹಾಕಬೇಕು. ಆತುರದಲ್ಲಿ ಎಳೆದು ಕತ್ತರಿಸಿದ್ರೆ ನೀರಿಗೆ ಬಿದ್ದ ತಕ್ಷಣ ಅದು ತನ್ನ ಹಾದಿ ಹಿಡಿಯುತ್ತೆ. ಇನ್ನು ಕಂಕುಳಲ್ಲಿ ಉಂಡೆ ಉಂಡೆ ಏಳೋದು: ಎಳೆ ಗಿಡ್ಡ ಇದ್ರೆ ತುದಿಗಳು ಹೊರಗೆ ಬಂದು ಗಂಟಾಗ್ತವೆ. ಬರೀ ಹತ್ತಿಯಾದ್ರೆ ಆ ಗಂಟು ಉದುರಿಹೋಗುತ್ತೆ. ಪಾಲಿಯೆಸ್ಟರ್ ಬೆರೆತಿದ್ರೆ ಆ ಗಟ್ಟಿ ಎಳೆ ಅದನ್ನ ಬಿಡೋದೇ ಇಲ್ಲ. ಅಂಗಡೀಲಿ ಒಂದೇ ಪದರದೊಳಗೆ ಕೈ ಇಟ್ಟು ಬೆಳಕಿಗೆ ಹಿಡಿ. ಬೆರಳು ಎಣಿಸೋ ಹಂಗಿದ್ರೆ ವಾಪಸ್ ಇಡು.

ಹಳೇದೆಲ್ಲಾ ಚಿನ್ನ ಅಂತ ನಾನು ಹೇಳಲ್ಲ. ಆ ಕಾಲದ ಟೆರಿಕಾಟ್ ಅಂಗಿ ಹರೀದೇ ಇದ್ದದ್ದು ಅದರೊಳಗಿನ ಪಾಲಿಯೆಸ್ಟರ್‌ನಿಂದ. ಬೇಸಿಗೇಲಿ ಅದನ್ನ ಹಾಕ್ಕೊಂಡೋರಿಗೆ ಗೊತ್ತು ಅದರ ಕಷ್ಟ. ಆಗಿನ ಕೀಲಿ ಕೊಡೋ ತಗಡಿನ ಆಟದ ಬಸ್ಸಿನ ಅಂಚು ಬೆರಳು ಕುಯ್ಯೋದು. ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದ್ದೇ 2021ರ ಜನವರಿಯಿಂದ.

ಪಾಪು ಕಾರು ಗುಂಯ್ ಅಂತ ಸದ್ದು ಮಾಡುತ್ತೆ, ಚಕ್ರ ಮಾತ್ರ ತಿರುಗಲ್ಲ ಅಂದ್ಯಲ್ಲ. ಮೋಟಾರು ಚೆನ್ನಾಗೇ ಇದೆ. ಅದರ ಕಡ್ಡಿಗೆ ಬಿಗಿಯಾಗಿ ತುರುಕಿರೋ ಪುಟಾಣಿ ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿರುತ್ತೆ, ಅದಕ್ಕೇ ಬರೀ ಕಡ್ಡಿ ಸುತ್ತುತ್ತೆ. ಅದೇ ಅಳತೆ, ಅಷ್ಟೇ ಹಲ್ಲಿಂದು ಇನ್ನೊಂದು ಹಾಕಿದ್ರೆ ಮುಗೀತು. ಆದ್ರೆ ನಿನ್ನ ಕಾರಿಗೆ ಸ್ಕ್ರೂನೇ ಇಲ್ಲ, ಎರಡು ಹೋಳು ಅಂಟಿಸಿಬಿಟ್ಟಿದ್ದಾರೆ. ಬಿಚ್ಚಬಾರದ ಕಡೆ ಬಿಚ್ಚಿಕೊಳ್ಳುತ್ತೆ, ಬಿಚ್ಚಬೇಕಾದ ಕಡೆ ಬಿಚ್ಚೋಕಾಗಲ್ಲ. ಇನ್ಮೇಲೆ ತಲೆಕೆಳಗೆ ಮಾಡಿ ಸ್ಕ್ರೂ ಎಣಿಸಿ ತಗೊ. ಇಲ್ಲಾಂದ್ರೆ ಚನ್ನಪಟ್ಟಣದ್ದೇ ಕೊಡಿಸು. ಅದು ಆಲೆ ಮರ. ಲೇತ್ ಮೇಲೆ ತಿರುಗ್ತಿರೋ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜೋ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತೆ, ಆಮೇಲೆ ತಾಳೆ ಗರಿ ಒತ್ತಿ ಮಿರುಗು ಬರಿಸ್ತಾರೆ. ಪೇಂಟ್ ಹೊಡೆದಿದ್ದಾದ್ರೆ ಪೊರೆ ಪೊರೆ ಏಳುತ್ತೆ. ಅರಗಿನದನ್ನ ಬಿಸಿನೀರಲ್ಲಿ ಮಾತ್ರ ತೊಳೀಬೇಡ. ಆದ್ರೆ ನೀನೀಗ ಬೈಪಾಸ್ ಗಿರಾಕಿ. ಚನ್ನಪಟ್ಟಣವೂ ಕಾಣಲ್ಲ, ಮಂಡ್ಯವೂ ಕಾಣಲ್ಲ ನಿನಗೆ.

ಇದನ್ನೆಲ್ಲಾ ಬರೀತಾ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಯೂನಿಫಾರಂ ಪ್ಯಾಂಟಿಗೆ ಮೊದಲು ಕಾಲ್ತುದೀಲಿ ಎರಡೂವರೆ ಇಂಚು ಒಳಗೆ ಮಡಚಿ ಹೆಮ್ಮಿಂಗ್ ಹಾಕೋದು, ಹಿಂದಿನ ಸೀಟಲ್ಲಿ ಸೊಂಟದ ಹತ್ರ ಒಂದೂವರೆ ಇಂಚು ಮಾರ್ಜಿನ್. ಮುಂದಿನ ಜೂನ್‌ಗೆ ಬಿಚ್ಚಿ ಇಳಿಸಿದ್ರೆ ಹಳೇ ಮಡಿಕೆ ಗೆರೆ ಬೆಳ್ಳಗೆ ಕಾಣೋದು, ಯಾರಿಗೂ ಅವಮಾನ ಆಗ್ತಿರಲಿಲ್ಲ. ಅದಾದ ಮೇಲೆ ತಮ್ಮನಿಗೆ. ಈಗ ಓವರ್‌ಲಾಕ್ ಮಿಷನ್ ಹೊಲೀತಾ ಹೊಲೀತಾನೇ ಅಂಚು ಕತ್ತರಿಸಿ ಉದುರಿಸುತ್ತೆ. ಒಳಗೆ ಉಳಿಯೋದು ಕಾಲಿಂಚು.

ತಪ್ಪನ್ನ ಮಿಷನ್ ಮೇಲೆ ಯಾಕೆ ಹಾಕ್ಲಿ? ಗೆರೆ ಎಳೆಯೋ ಸೀಮೆಸುಣ್ಣ ನನ್ನ ಕೈಲಿರುತ್ತೆ. ಕಾಲ್ತುದಿಗೆ ಒಂದಿಂಚು ಸಾಕು ಅಂದ್ಕೊಂಡ್ರೆ ಒಂದು ಪ್ಯಾಂಟಿಗೆ ಒಂದೂವರೆ ಇಂಚು ಮಿಗುತ್ತೆ. ನೂರು ಪ್ಯಾಂಟಿಗೆ ನೂರೈವತ್ತು ಇಂಚು, ಅಂದ್ರೆ ಹತ್ತಿರ ಹತ್ತಿರ 4 ಮೀಟರ್. ಚಿಕ್ಕ ಮಕ್ಕಳ ಪ್ಯಾಂಟು ನಾಲ್ಕೈದು ಆಗುತ್ತೆ ಅದರಲ್ಲಿ. ಬಟ್ಟೆ ಕೊಟ್ಟೋರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈ ವರ್ಷದ್ದಲ್ಲ ಇದು, ಎಷ್ಟೋ ವರ್ಷದ್ದು. ಗುಣಮಟ್ಟ ಎಲ್ಲಿ ಹೋಯ್ತು ಅಂತ ನೀನು ಕೇಳಿದ್ಯಲ್ಲ, ಒಂದಿಷ್ಟು ನನ್ನ ಅಟ್ಟದ ಮೇಲೆ ಸುತ್ತಿಟ್ಟಿದೆ, ಖಾಕಿ ಬಣ್ಣದ್ದು.

ಅಯ್ಯೋ, ಏನೋ ಬರೆಯೋಕೆ ಹೋಗಿ ಏನೋ ಬರೆದೆ. ಓದೋರೆಲ್ಲಾ ಇದನ್ನ ಟೈಲರ್ ತಮಾಷೆ ಅಂತ ತಿಳ್ಕೊಳ್ಳಿ. ಕೆಂಪು ಜಿಪ್ ವಿಷಯ ಇಲ್ಲಿ ಬರೆದಿಲ್ಲ, ನೀನು ಬೆವರಬೇಡ. ಬರೋವಾಗ ಆ ಅಂಗಿ ತಗೊಂಡು ಬಾ, ಗುಂಡಿ ನಾನೇ ಹಾಕ್ತೀನಿ. ಪಾಪುದು ಸೊಂಟದ ಅಳತೆ, ಕಾಲಿನ ಉದ್ದ ಎರಡೂ ಬರ್ಕೊಂಡು ಬಾ. ಖಾಕಿ ಬೇಡ ಅಂತಾಳಾ ಕೇಳು.

ನಿನ್ನ,
ಅರ್ಧ ಇಂಚು