ಪಕ್ಷಗಳ ಖರ್ಚಿಗೂ ಮಿತಿ ಬೇಕು

ಸಂಪಾದಕರೇ,

ಮೊನ್ನೆ ಸಂಜೆ ನಮ್ಮೂರಿನ ಕಾಫಿ ಕಣದಲ್ಲಿ ಕೂತು ಚುನಾವಣೆಯಲ್ಲಿ ಪಕ್ಷಗಳ ಖರ್ಚಿಗೂ ಮಿತಿ ಹಾಕಿ ಎಂಬ ಮನವಿಗೆ ಸಹಿ ಹಾಕಿದೆವು. ಪಕ್ಕದ ಮನೆಯ ಅಜ್ಜಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡರು.

ಕಂಪನಿಗಳು ಪಕ್ಷಗಳಿಗೆ ಕೊಡುವ ದೇಣಿಗೆಗೆ ಮೊದಲು ಮಿತಿ ಇತ್ತು, ಮೂರು ವರ್ಷದ ಸರಾಸರಿ ಲಾಭದ ಶೇ 7.5. 2017ರಲ್ಲಿ ಕಾನೂನು ತಿದ್ದಿ ಅದನ್ನು ತೆಗೆದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡ್ ಜೊತೆಗೆ ಆ ತಿದ್ದುಪಡಿಯನ್ನೂ ರದ್ದು ಮಾಡಿತು. ಕೇಸು ಹಾಕಿದವರಲ್ಲಿ ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್‌ನಂಥ ನಾಗರಿಕ ಸಂಸ್ಥೆಯೂ ಇತ್ತು. ಜನ ಹಿಡಿದ ಪಟ್ಟು ಗೆದ್ದಿತು, ಅಲ್ವಾ?

ಆದರೆ ನಮ್ಮ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿಯ ಮಿತಿ ಇದ್ದರೂ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಜಾಸ್ತಿ ದುಡ್ಡು ಕೊಟ್ಟವರ ಮಾತೇ ನಡೆದರೆ ನಮ್ಮ ಕಾಡು, ಹೊಳೆಯ ಪರವಾಗಿ ಮಾತಾಡುವವರು ಯಾರು? ಮನವಿಯ ಹಾಳೆ ಈಗ ಪಕ್ಕದೂರಿಗೆ ಹೋಗಿದೆ. ನಿಮ್ಮೂರಿಗೆ ಬಂದರೆ ಓದಿ, ಸಹಿ ಹಾಕಿ.

– ಓದುಗ, ಸೋಮವಾರಪೇಟೆ