ಗೆಳೆಯನಿಗೊಂದು ಪತ್ರ: ಭರಣಿಯ ಲೆಕ್ಕ

ಪ್ರಿಯ ಗೆಳೆಯಾ,

ಮಿಡಿ ಉಪ್ಪಿನಕಾಯಿಯ ಡಬ್ಬ ಪುಣೆ ಮುಟ್ಟಿದ್ದು ತಿಳಿದು ಸಮಾಧಾನವಾಯಿತು. ಅದರ ಜೊತೆಗೆ ನೀನು ಆಡಿದ ಎರಡು ಮಾತಿಗೆ ಫೋನಿನಲ್ಲೇ ಉತ್ತರ ಹೇಳುವವನಿದ್ದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು; ಹೋದದ್ದು ಮಾರನೆಯ ದಿನ ಬಂತು. "ಎಲ್ಲವನ್ನೂ ಮನೆಯಲ್ಲೇ ಬೆಳೆದು ಉಣ್ಣುವ ಪುಣ್ಯವಂತ ನೀನು" ಅಂದೆ. ಉಸಿರು ತೆಗೆದುಕೊಂಡು, "ಆದರೂ ಆ ಕಾಡಿನೊಳಗೆ ಒಬ್ಬನೇ ಹೇಗಿರುತ್ತೀಯೋ" ಅಂತಲೂ ಅಂದೆ. ಎರಡೂ ಸುಳ್ಳು ಮಾರಾಯ. ಇವತ್ತು ಬೆಳಗಿನಿಂದ ಮಳೆ ಹಿಡಿದುಕೊಂಡು ಕೂತಿದೆ, ತೋಟಕ್ಕೆ ಇಳಿಯುವಂತಿಲ್ಲ. ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೋ.

ಮೊದಲು ನೀನು ಅಷ್ಟೊಂದು ಹೊಗಳಿದ ಉಪ್ಪಿನಕಾಯಿಯ ಲೆಕ್ಕ ನೋಡೋಣ. ಅದರ ಮರವೇ ನಮ್ಮದಲ್ಲ. ಅಘನಾಶಿನಿ ಹೊಳೆಗೆ ಸೇರುವ ಹಳ್ಳವೊಂದರ ದಂಡೆಯಲ್ಲಿ ತಾನಾಗಿ ಹುಟ್ಟಿಕೊಂಡ ಅಪ್ಪೆಮರ ಅದು, ಅಂದರೆ ಮಿಡಿಯ ಪರಿಮಳಕ್ಕೆ ಹೆಸರಾದ ಕಾಡುಮಾವು. ನೆಟ್ಟವರಿಲ್ಲ, ನೀರು ಹಾಕಿದವರಿಲ್ಲ. ನಮ್ಮ ಸೀಮೆಯಲ್ಲಿ ಅಪ್ಪೆಯ ಜಾತಿಗಳಿಗೆ ಮನುಷ್ಯರಿಗಿಟ್ಟ ಹಾಗೆ ಹೆಸರಿರುತ್ತದೆ. ಅನಂತಭಟ್ಟನ ಅಪ್ಪೆ ಅಂದರೆ ಮುದುಕರ ಕಣ್ಣು ಈಗಲೂ ಅರಳುತ್ತದೆ. ನಾವು ಕೊಯ್ಯುವ ಮರಕ್ಕೆ ಅಂಥ ಕೀರ್ತಿಯೇನೂ ಇಲ್ಲ, ಜೀರಿಗೆಯ ವಾಸನೆಯೊಂದಿದೆ. ಹತ್ತುವುದು ನನ್ನಿಂದಾಗುವ ಕೆಲಸವಲ್ಲ. ನಮ್ಮ ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುವ ಕೊನೆಗೌಡರೇ ಹತ್ತಬೇಕು. ನೀರಿನ ಮೇಲಕ್ಕೆ ಚಾಚಿದ ಕೊಂಬೆಯ ಮೇಲೆ ಕೂತು, ಗೊಂಚಲು ಗೊಂಚಲಾಗಿ ತೊಟ್ಟಿನ ಸಮೇತ ಮುರಿದು, ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸುತ್ತಾರೆ. ಮೂರರಲ್ಲಿ ಒಂದು ಪಾಲು ಅವರದು. ಆ ಮರದ ಕೆಳಗೆ ನಿಂತು ನೋಡಿದವರಿಗೆ ಆ ಪಾಲು ಹೆಚ್ಚಾಯಿತು ಅನ್ನಿಸುವುದಿಲ್ಲ.

ಉಪ್ಪು ಗೋಕರ್ಣದ ಬಳಿಯ ಸಾಣಿಕಟ್ಟೆಯದು. ಇದನ್ನು ನಿನಗೆ ಹೇಳಲೇಬೇಕು. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ಒಂದು ಅಣೆಕಟ್ಟಿಗೂ ಸಿಕ್ಕಿಬೀಳದೆ ಹೋಗಿ ತದಡಿಯ ಹತ್ತಿರ ಕಡಲು ಸೇರುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರ ಇರುವುದು ಅದೇ ಹೊಳೆಯ ಅಳಿವೆಯ ಅಂಚಿನಲ್ಲಿ. ಮೇಲಿನ ದಂಡೆಯ ಮಿಡಿ, ಕೆಳಗಿನ ಅಳಿವೆಯ ಉಪ್ಪು. ಒಂದೇ ಹೊಳೆಯ ತಲೆ ಮತ್ತು ಬಾಲ ನಮ್ಮ ಅಟ್ಟದ ಭರಣಿಯೊಳಗೆ ಸೇರುತ್ತವೆ. ನನಗೆ ಇದು ಹೊಳೆದದ್ದು ತೀರಾ ಈಚೆಗೆ. ಅಮ್ಮನಿಗೆ, ಅದೇ ನಮ್ಮ ಆಯಿಗೆ, ಹೇಳಿದರೆ, "ಅದಕ್ಕೇನು? ಬೇರೆ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ" ಎಂದು ಒಳಗೆ ಹೋದಳು.

ಸಾಸಿವೆ ಅಂಗಡಿಯದು. ಮೆಣಸಿನಕಾಯಿ? ಕಳೆದ ವರ್ಷ ಕುಂದಗೋಳದಿಂದ ನಿನ್ನ ಅವ್ವ ಗೋಣಿಯ ಮೂಲೆಯಲ್ಲಿ ಕಟ್ಟಿ ಕಳಿಸಿದ್ದರಲ್ಲ, ಸುಕ್ಕುಸುಕ್ಕಾದ ಬ್ಯಾಡಗಿ, ಅದೇ. ಉಪ್ಪಿನಕಾಯಿಯ ಆ ಕೆಂಪನ್ನು ನೋಡಿ ನೀನು ಪುಣೆಯಲ್ಲಿ ಕೂತು ಹಾಡಿ ಹೊಗಳಿದೆ. ಅದು ನಿಮ್ಮ ಎರೆಹೊಲದ ಬಣ್ಣ ಎಂಬುದು ನಿನಗೆ ಗೊತ್ತಾಗಲಿಲ್ಲ. ಅವ್ವನಿಗೆ ಇದನ್ನು ಓದಿ ಹೇಳು, ನಗುತ್ತಾರೆ.

ನಾನು ಊರಿಗೆ ಬಂದ ಹೊಸದರಲ್ಲಿ, ಅಂದರೆ 2016ರ ಬೇಸಿಗೆಯಲ್ಲಿ, ಈ ಉಪ್ಪಿನಕಾಯಿಯನ್ನು ಒಬ್ಬನೇ ಮಾಡಲು ಹೊರಟಿದ್ದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದವನಿಗೆ ಎಲ್ಲವನ್ನೂ ತಾನೇ ಮಾಡಿ ತೋರಿಸಬೇಕೆಂಬ ಹುಚ್ಚು ಇರುತ್ತದೆ. ಯಾರನ್ನೂ ಕೇಳದೆ, ಮರದ ಕೆಳಗೆ ತಾಡಪಾಲು ಹಾಸಿ, ಉದ್ದದ ಕೊಕ್ಕೆಯಲ್ಲಿ ಕೊಂಬೆ ಅಲ್ಲಾಡಿಸಿ ಮಿಡಿ ಉದುರಿಸಿದೆ. ಅರ್ಧ ಗಂಟೆಯಲ್ಲಿ ಎರಡು ಬುಟ್ಟಿ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ತೊಟ್ಟು ಕಳಚಿದ ಮಿಡಿಯಿಂದ ಸೊನೆ ಸೋರಿಹೋಗುತ್ತದೆ, ಅಪ್ಪೆಯ ಪರಿಮಳವಿರುವುದೇ ಆ ಸೊನೆಯಲ್ಲಿ, ಬಿದ್ದ ಪೆಟ್ಟಿಗೆ ಒಳಗೇ ಕಂದುವ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ ಎಂಬುದೆಲ್ಲ ಆಮೇಲೆ ತಿಳಿದದ್ದು. ಶ್ರಾವಣದಲ್ಲಿ ಭರಣಿಯ ಬಾಯಿಬಟ್ಟೆ ಬಿಚ್ಚಿದರೆ ಮೇಲೆಲ್ಲ ಬೂಷ್ಟು. ಕೆಳಗಿನ ಮನೆಯ ಅತ್ತೆ ಏನೋ ಕೇಳಲು ಬಂದವರು ಜಗಲಿಯಲ್ಲಿ ನಿಂತೇ ಮೂಗರಳಿಸಿ, "ಉದುರಿಸಿದ ಮಿಡಿಯೋ?" ಎಂದರು. ನೋಡಿರಲೂ ಇಲ್ಲ! ಮಾರನೆಯ ದಿನ ತಮ್ಮ ಮನೆಯ ಮೂರು ವರ್ಷದ ಹಳೆಯ ಉಪ್ಪಿನಕಾಯಿ ಒಂದು ಸಣ್ಣ ಭರಣಿ ತಂದಿಟ್ಟರು. ನಾನು ದುಡ್ಡು ಕೊಡಲು ಹೋದೆ. ಅವರ ಮುಖ ಹೇಗಾಯಿತು ಅಂತೀಯಾ! ಆಯಿ ಒಳಗಿನಿಂದ ಓಡಿ ಬಂದು, "ಅವನಿಗೇನು ಗೊತ್ತು, ನೀನು ಮೊಗೆಬೀಜ ಬೇಕು ಅಂದಿದ್ದೆಯಲ್ಲ, ತೆಗೆದಿಟ್ಟಿದ್ದೇನೆ" ಎಂದು ಮಾತು ತಿರುಗಿಸಿದಳು.

ಈಗ ಅನ್ನಿಸುತ್ತದೆ, ನಾನು ನಿಜವಾಗಿ ಒಬ್ಬನೇ ಇದ್ದದ್ದು ಆ ಒಂದೆರಡು ವರ್ಷ. ಮನೆಯ ತುಂಬ ಜನ, ಸುತ್ತ ಹತ್ತು ಮನೆ. ಆದರೆ ನಾನು ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ.

ಕೇಳಲೇಬೇಕಾಗಿ ಬಂದದ್ದು 2019ರ ಆಗಸ್ಟ್‌ನಲ್ಲಿ. ನಿಮ್ಮ ಬಯಲುಸೀಮೆಯಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿ ಊರೂರು ಮುಳುಗಿದವಲ್ಲ, ಅದೇ ಮಳೆ. ಅಪ್ಪಯ್ಯ ಅಂಗಳದ ಪಾಚಿಯಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಯಬೇಕಿತ್ತು, ಹೊಳವೇ ಆಗಲಿಲ್ಲ. ಹೊಳವು ಅಂದರೆ ಮಳೆ ನಡುವೆ ಬಿಡುವು ಕೊಡುವುದು. ನಿಮ್ಮ ಕಡೆ ಈ ಮಾತಿನ ಅಗತ್ಯವೇ ಬಿದ್ದಿರಲಿಕ್ಕಿಲ್ಲ. ಮರದ ಬುಡದಲ್ಲಿ ಹಸಿರು ಅಡಿಕೆ ಉದುರಿ ಬೀಳತೊಡಗಿತು. ಒಂದನ್ನು ಎತ್ತಿ ನೋಡಿದರೆ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ. ಎರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಕೊಳೆರೋಗ. ವರ್ಷದ ಅನ್ನ ಕಣ್ಣ ಮುಂದೆ ಉದುರುವ ಸದ್ದು ಕೇಳುತ್ತ ರಾತ್ರಿ ಮಲಗುವುದು ಹೇಗಿರುತ್ತದೆ ಎಂದು ವಿವರಿಸುವುದಿಲ್ಲ.

ಕೆಳಗಿನ ಮನೆಗೆ ಹೋಗಿ ಮಾವನನ್ನು ಕೇಳಿದೆ. ಅವರ ತೋಟದಲ್ಲೂ ಅದೇ ಪಾಡು. ಆದರೂ ಸಂಜೆಗೆ ನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ ಸೇರಿ ಮುಯ್ಯಾಳಿನ ಲೆಕ್ಕ ಹಾಕಿದರು: ಹೊಳವಾದ ತಕ್ಷಣ ಎಲ್ಲರೂ ಒಂದು ತೋಟಕ್ಕೆ ನುಗ್ಗುವುದು, ಅದು ಮುಗಿದರೆ ಇನ್ನೊಂದಕ್ಕೆ. ಮೊದಲ ಸರದಿ ನಮ್ಮದು, ಅಪ್ಪಯ್ಯ ಮಲಗಿದ್ದಾರೆಂದು. ಕೊಳೆಗೆ ಹೊಡೆಯುವ ಆ ಔಷಧಿ, ಬೋರ್ಡೋ ದ್ರಾವಣ, ಮಾಡುವುದನ್ನು ನಾನು ಸರಿಯಾಗಿ ಕಲಿತದ್ದು ಆ ದಿನ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ನೀಲಿ ಹರಳು) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕದಡಿ ಕೂಡಿಸುತ್ತಾರೆ. ಮಾವ ಅಡಿಕೆ ಸುಲಿಯುವ ಚೂರಿಯೊಂದನ್ನು ತಿಕ್ಕಿ ತೊಳೆದು ಆ ನೀಲಿ ನೀರಿನಲ್ಲಿ ಅದ್ದಿ ನನ್ನ ಮುಖದ ಮುಂದೆ ಹಿಡಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಕೂತಿತ್ತು. "ತಾಮ್ರ ಬಿಟ್ಟಿದೆ. ಇದನ್ನು ಹೊಡೆದರೆ ಕೊನೆ ಸುಟ್ಟುಹೋಗುತ್ತದೆ, ಇನ್ನೊಂದಿಷ್ಟು ಸುಣ್ಣ ಹಾಕು" ಎಂದರು. ಮತ್ತೆ ಕದಡಿ, ಮತ್ತೆ ಅದ್ದಿ, ಅಲಗು ಬೆಳ್ಳಗೆ ಬರುವವರೆಗೆ ಬಿಡಲಿಲ್ಲ. (ಈ ಮದ್ದಿನ ಹುಟ್ಟು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅಡಿಕೆಯ ಕೊಳೆಗೆ ಇದನ್ನು ಹಚ್ಚಿ ನೋಡಿದ್ದು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್, ಕೆನಡಾದವನು. ನಮ್ಮ ತೋಟದ 'ಸಂಪ್ರದಾಯ'ಗಳ ಜಾತಕ ತೆಗೆದರೆ ಹೀಗೆಲ್ಲ ಇರುತ್ತದೆ.)

ಆ ವರ್ಷ ಫಸಲು ಉಳಿಯಿತು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಎಲ್ಲರದೂ ಹೋಯಿತು. ಆದರೆ ಆಮೇಲೆ ನಮ್ಮ ಮನೆಯ ಬಾಗಿಲು ದಾಟುವಾಗ ಯಾರೂ "ಇದ್ದಾನೋ?" ಎಂದು ಹೊರಗೆ ನಿಂತು ಕೇಳಲಿಲ್ಲ; ಸೀದಾ ಒಳಗೆ ಬಂದು ನೀರು ಕೇಳಿದರು. ನಾನೂ ಮೂರು ತೋಟಗಳಿಗೆ ಮುಯ್ಯಿ ತೀರಿಸಿದೆ. ನನಗೆ ಮರ ಹತ್ತಲು ಬರುವುದಿಲ್ಲವಾದ್ದರಿಂದ ಪೈಪು ಎಳೆಯುವ, ಡ್ರಮ್ಮು ತುಂಬಿಸುವ, ಚೂರಿ ಅದ್ದುವ ಕೆಲಸ ನನ್ನದು. ಚೂರಿಯ ಕೆಲಸಕ್ಕೆ ಈಗಲೂ ನನ್ನನ್ನೇ ಕರೆಯುತ್ತಾರೆ. ಸ್ವಲ್ಪ ಜಂಬವಿದೆ ಅಂತ ತಿಳಿದುಕೋ.

ಇನ್ನು 'ಎಲ್ಲವನ್ನೂ ಬೆಳೆದುಕೊಳ್ಳುವ' ಮಾತು. ತೊಗರಿಬೇಳೆ, ಉದ್ದು, ಗೋಧಿ, ಸಕ್ಕರೆ, ಚಹಾಪುಡಿ ಎಲ್ಲ ಪೇಟೆಯಿಂದ. ಅಕ್ಕಿಯೂ ಈಗ ಅರ್ಧ ವರ್ಷಕ್ಕೆ ಮಾತ್ರ ಮನೆಯದು, ಕೆಳಗಿನ ಗದ್ದೆಗೆ ಅಪ್ಪಯ್ಯನೇ ಅಡಿಕೆ ಸಸಿ ಹಾಕಿಸಿದ್ದಾರೆ. ತರಕಾರಿಯಲ್ಲಿ ಮೊದಲ ಪಾಲು ಮಂಗಗಳದು. ಹಲಸಿನಕಾಯಿ ಬಲಿಯುವ ಮೊದಲೇ ಕಚ್ಚಿ ಬಿಸಾಡಿ ಹೋಗುತ್ತವೆ, ಉಳಿದದ್ದರಲ್ಲಿ ಹಪ್ಪಳ. ಅಡಿಕೆಯ ದುಡ್ಡು ಬರದಿದ್ದರೆ ಈ ಹಿತ್ತಿಲು, ಈ ತಂಬುಳಿ, ಈ ಬಾಳೆಎಲೆ ಊಟ ಒಂದು ವರ್ಷವೂ ನಡೆಯುವುದಿಲ್ಲ. ಆ ಅಡಿಕೆಗೆ ಈಗ ಎಲೆಚುಕ್ಕೆ ರೋಗವೂ ಬಂದು ಕೂತಿದೆ. ಮನೆಯಲ್ಲಿ ಬೆಳೆದದ್ದೇ ಅಮೃತ ಎಂದು ಪೇಟೆಯವರು ಕಣ್ಣು ಮುಚ್ಚಿ ಹೇಳುವಾಗ ನನಗೆ ಸಣ್ಣಗೆ ಸಿಟ್ಟು ಬರುತ್ತದೆ, ನಿನ್ನ ಮೇಲೂ ಬಂತು.

ಹಾಗೆಂದು ಮನೆಯದು ಏನೂ ಇಲ್ಲವೆಂದಲ್ಲ. ಈಗ ತಲೆ ಎತ್ತಿ ನೋಡಿದರೆ ಮಾಳಿಗೆಯ ಜಂತಿಯಲ್ಲಿ ಬಾಳೆಪಟ್ಟೆಯ ಹಗ್ಗದಿಂದ ಕಟ್ಟಿ ತೂಗಿಬಿಟ್ಟ ಹದಿನೇಳು ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ಕಾಣುತ್ತವೆ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದವು; ಒಂದಕ್ಕೊಂದು ತಾಗದ ಹಾಗೆ ಕಟ್ಟಿದರೆ ಮಳೆಗಾಲವಿಡೀ ಕೆಡುವುದಿಲ್ಲ. ಬೆಳಿಗ್ಗೆ ಆಯಿ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಾಳೆ, ಮೆತ್ತಗಾದದ್ದು ಆ ದಿನದ ಹುಳಿಗೆ. ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಹಾಲಿನಪುಡಿಯ ಹಳೇ ಡಬ್ಬದಲ್ಲಿಡುತ್ತಾಳೆ.

ಆ ಡಬ್ಬ ಆಯಿಯನ್ನು ಎಲ್ಲಿಯವರೆಗೆ ಕರೆದುಕೊಂಡು ಹೋಯಿತು ಕೇಳು. ಶಿರಸಿಯಲ್ಲಿ ವನಸ್ತ್ರೀ ಎಂಬ ಹೆಂಗಸರ ಬಳಗವಿದೆ, 2001ರಿಂದ ಹಿತ್ತಿಲಿನ ನಾಟಿ ಬೀಜಗಳನ್ನು ಕೂಡಿಡುವ, ಹಂಚುವ ಕೆಲಸ ಮಾಡುತ್ತಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅವರ ಮಲೆನಾಡು ಮೇಳ ನಡೆಯುತ್ತದೆ. ಕೆಳಗಿನ ಮನೆಯ ಅತ್ತೆ ಹಟ ಹಿಡಿದು ಆಯಿಯನ್ನು ಬಸ್ ಹತ್ತಿಸಿದರು. ಮದುವೆ ಮನೆ, ಆಸ್ಪತ್ರೆ ಬಿಟ್ಟರೆ ಪೇಟೆಯ ಕಡೆ ತಲೆ ಹಾಕದ ಹೆಂಗಸು. ವೃತ್ತಪತ್ರಿಕೆಯ ಹಾಳೆ ಹರಿದು ಪೊಟ್ಟಣ ಕಟ್ಟಿಕೊಂಡು ಹೋಗಿದ್ದಳು. ಯಾರೋ ಹುಡುಗಿ ಪೊಟ್ಟಣ ಕೈಯಲ್ಲಿ ಹಿಡಿದು, "ಇದು ಯಾವ ಜಾತಿಯ ಮೊಗೆ ಅಮ್ಮಾ?" ಎಂದು ಕೇಳಿದಳು. ಆಯಿ ಗಲಿಬಿಲಿಗೊಂಡು ನನ್ನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಕೊನೆಗೆ, "ನಮ್ಮ ಅತ್ತೆಯ ಮೊಗೆ" ಎಂದಳು. ಹುಡುಗಿ ಹಾಗೆಯೇ ಬರೆದುಕೊಂಡಳು. ನನ್ನ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳನ್ನು ಆಯಿ ಹೊಗಳಿದ್ದು ನಾನಂತೂ ಕೇಳಿರಲಿಲ್ಲ. ಈಗ ಯಾವುದೋ ಊರಿನ ಯಾವುದೋ ಹಿತ್ತಿಲಿನಲ್ಲಿ 'ಅತ್ತೆಯ ಮೊಗೆ' ಹಬ್ಬುತ್ತಿರಬೇಕು. ಬಸ್ಸಿನಲ್ಲಿ ಮರಳುವಾಗ ಆಯಿಯ ಮಡಿಲಲ್ಲಿ ಹದಿಮೂರು ಪೊಟ್ಟಣ, ಕೊಟ್ಟದ್ದಕ್ಕಿಂತ ಏಳು ಹೆಚ್ಚು. ಅಷ್ಟೂ ದಾರಿ ಅವಳು ಅವುಗಳನ್ನು ಕೊಟ್ಟವರ ಮನೆ, ಊರು, ಮಕ್ಕಳ ಸಂಗತಿ ಹೇಳುತ್ತಲೇ ಇದ್ದಳು. ಮುಂದಿನ ವರ್ಷದಿಂದ ಯಾರೂ ಹಟ ಹಿಡಿಯಬೇಕಾಗಲಿಲ್ಲ.

ಅವಳಿಗೆ ಒಂದೇ ಕೊರಗು. ಆ ಹದಿಮೂರರಲ್ಲಿ ಬದನೆ ಇತ್ತು, ಆದರೆ ನಮ್ಮ ಧಾರವಾಡದ ಹಾಸ್ಟೆಲಿಗೆ ನಿನ್ನ ಅವ್ವ ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಮಾಡಿ ಕಳಿಸುತ್ತಿದ್ದ ಆ ಸಣ್ಣ ಮುಳಗಾಯಿ ಅಲ್ಲ. ನಾನು ಅದರ ರುಚಿಯನ್ನು ಎಷ್ಟು ಸಲ ಬಣ್ಣಿಸಿದ್ದೇನೋ, ಈಗ ಅದು ಬೇಕೇ ಬೇಕು ಎಂದು ಕೂತಿದ್ದಾಳೆ. ನಮ್ಮ ಈ ಮಳೆಯಲ್ಲಿ ಬರುತ್ತದೋ ಇಲ್ಲವೋ, ಬೇಸಿಗೆಯಲ್ಲಿ ಹಾಕಿ ನೋಡಿದರಾಯಿತು.

ಡಿಸೆಂಬರಿನಲ್ಲಿ ಕೊನೆಕೊಯ್ಲಿಗೆ ಬಾ. ರಾತ್ರಿ ನಾಲ್ಕೂ ಮನೆಯವರು ಒಂದೇ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತೇವೆ, ನಿನಗೂ ಒಂದು ಮಣೆ ಇದೆ. ಬೆರಳು ಕೊಯ್ದುಕೊಂಡರೆ ನಾನು ಜವಾಬ್ದಾರನಲ್ಲ. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ, ಹಾಕಿದರೆ ಇಲ್ಲಿಂದಲೇ ಅತ್ತೆಗೆ ವಾಸನೆ ಬರುತ್ತದೆ. ಮುಗಿದ ಮೇಲೆ ಡಬ್ಬ ತೊಳೆದು ಬಿಸಿಲಿಗಿಡು, ಬರುವಾಗ ಕುಂದಗೋಳದ ಮೇಲೆ ಹಾದು ಬಾ, ಅವ್ವನ ಕೈಯಿಂದ ಅದರಲ್ಲಿ ಮುಳಗಾಯಿ ಬೀಜ ಹಾಕಿಸಿಕೊಂಡು ಬಾ. ಕಾಯಿ ಬೇಡ, ಬೀಜ.

ಮಳೆ ಸ್ವಲ್ಪ ಹೊಳವಾದ ಹಾಗಿದೆ. ಕೆಳಗಿನಿಂದ ಮಾವ ಕೂಗುತ್ತಿದ್ದಾರೆ, ಚೂರಿ ತಗೊಂಡು ಹೋಗಬೇಕು.

ಇಂತಿ ನಿನ್ನ,
ಹಾಸ್ಟೆಲಿನ ಪಕ್ಕದ ಹಾಸಿಗೆಯವನು